ಒಂಬತ್ತೂವರೆ ತಾಸಿಗೆ ಕಾಯಿಸಿದ ಕಲ್ಲು

ನೀರು ಚುಂಯ್ ಎನ್ನಲಿಲ್ಲ, ಕಲ್ಲುಗಳ ಮೇಲೆ ಸುಮ್ಮನೆ ಹರಿದು ಒಲೆಯ ಬೂದಿಗೆ ಇಳಿಯಿತು, ಹಾಗಾದರೆ ಸೌನಾ, ಹಬೆ ಮೀಯುವ ಕೋಣೆ, ಆರಿಹೋಗಿದೆ, ಇರ್ಮೆಲಿ ಮರದ ಸೌಟು ಹಿಡಿದು ಹಾಗೇ ಕೂತಳು — ಬೆಳಗ್ಗೆ ಎದ್ದು ಬರ್ಚ್ ಸೌದೆ ತುರುಕಿ ಕಾಯಿಸಿದ್ದು, ದೂರದಿಂದ ಬಂದವರಿಗೆ ಮೊದಲು ಬಿಸಿ ಹಬೆ, ಆಮೇಲೆ ಕಾಫಿ, ಮಾತು ಎಲ್ಲಕ್ಕಿಂತ ಕಡೆಗೆ, ಅಪ್ಪನ ಕಾಲದಿಂದಲೂ ಹಾಗೇ, ಅದರಲ್ಲೂ ಬರುತ್ತಿರುವವಳು ತಂಗಿ ಟೆರ್ಹಿ, ವರ್ಷಗಟ್ಟಲೆ ಮಾತು ಬಿಟ್ಟಿದ್ದವಳು, ಬರಲಾ ಎಂದು ಕೇಳಿದ್ದಳು, ಬಾ ಎಂದಿದ್ದಳು ಇವಳು, ಅಷ್ಟೇ, ವಿಮಾನ ಹತ್ತಿದೆ ಕಣೆ ಎಂದು ಒಸಾಕದಿಂದ ಒಂದು ಸಾಲು, ಆಮೇಲೆ ಸುದ್ದಿಯಿಲ್ಲ. ಒಸಾಕದಿಂದ ಹೆಲ್ಸಿಂಕಿಗೆ ಒಂಬತ್ತೂವರೆ ತಾಸು, ಅದನ್ನು ಇವಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಟಿಕೆಟ್ ಕೌಂಟರಿನಲ್ಲಿ ಕೂತು ಅರ್ಧ ಆಯುಷ್ಯ ಕಳೆದವಳು, ಒಂದು ಊಟ, ಒಂದು ನಿದ್ದೆ, ಬಂದೇಬಿಟ್ಟಿರಿ ಎಂದು ಎಷ್ಟು ಮಂದಿಗೆ ನಗುನಗುತ್ತ ಹೇಳಿಲ್ಲ — ಆ ಒಂಬತ್ತೂವರೆ ಕಳೆದು ಕಲ್ಲು ತಣ್ಣಗಾಗುವಷ್ಟು ಹೊತ್ತಾಯಿತು, ಬಿದ್ದಿದೆ, ಇನ್ನೇನು, ವಿಮಾನ ಬಿದ್ದಿದೆ, ಬಿದ್ದರೂ ತನಗೆ ಯಾರು ಹೇಳುತ್ತಾರೆ, ತಾನೇ ಅಂದಿದ್ದಳಲ್ಲ, ಗಂಡ ಟೈಸ್ಟೊನನ್ನು ಮಣ್ಣು ಮಾಡಿ ಬಂದ ಸಂಜೆ, ಫೋನಿನಲ್ಲಿ, ನೀನು ಸತ್ರೂ ನಂಗೆ ತಿಳಿಸ್ಬೇಡ. ಒಡಹುಟ್ಟಿದವಳು ಮಣ್ಣಿಗೂ ಬಾರದೆ ಬರೀ ಹೂಮಾಲೆ ಕಳಿಸಿ ಕೈತೊಳೆದುಕೊಳ್ಳುವುದೇ, ಹಾಗಲ್ಲ ಅಕ್ಕಾ ಎಂದಿದ್ದಳು ಟೆರ್ಹಿ, ಎರಡು ಸಲ ಟಿಕೆಟ್ ತಗೊಂಡೆ, ಎರಡು ಸಲಾನೂ ರದ್ದಾಯ್ತು, ಈಗ ತುಂಬ ದೂರ ಆಗ್ಬಿಟ್ಟಿದೆ ಕಣೆ, ಯಾಕೆ, ಜಪಾನ್ ಆಚೆ ಜರುಗ್ತಾ?

ಬಾಗಿಲಲ್ಲಿ ಯಾರೋ, ಪಕ್ಕದ ಮನೆಯ ಹಿಲ್ಕಾ, ಏನೇ ಇದು, ತಣ್ಣಗಿರೋ ಸೌನಾದಲ್ಲಿ ಕೂತು ಅಳೋರನ್ನ ಇವತ್ತೇ ನೋಡಿದ್ದು, ಇವಳು ಬಿಕ್ಕುತ್ತಲೇ ತಾಸಿನ ಲೆಕ್ಕ ಹೇಳಿದಳು, ಒಂಬತ್ತೂವರೆಯಂತೆ! ಯಾವ ಕಾಲದಲ್ಲಿದೀಯ ಮಾರಾಯ್ತಿ, ಯುದ್ಧ ಶುರುವಾಗಿ ರಷ್ಯಾದ ಆಕಾಶ ನಮ್ಮ ವಿಮಾನಕ್ಕೆ ಮುಚ್ಚಿ ಎಷ್ಟು ವರ್ಷ ಆಯ್ತು, ಈಗ ಉತ್ತರ ಧ್ರುವದ ನೆತ್ತಿ ಮೇಲಿಂದ ಬಳಸ್ಕೊಂಡು ಬರ್ಬೇಕು, ಹದಿಮೂರು ತಾಸು, ಇವಳು ಟಿಕೆಟ್ ಬೇರೆ ಮಾರ್ತಿದ್ದೋಳು, ಏಳು ಏಳು, ಸೌದೆ ಹಾಕು! ಗೊತ್ತಿಲ್ಲದ್ದೇನಲ್ಲ, ದಿನಾ ಸುದ್ದಿಯಲ್ಲಿ ಕೇಳಿದ್ದೇ, ತಲೆಗೆ ಗೊತ್ತಿತ್ತು, ಸೌದೆ ಹೊತ್ತಿಸಿದ ಕೈಗೆ ಗೊತ್ತಿರಲಿಲ್ಲ, ಇರ್ಮೆಲಿಗೆ ನಗು ಬಂತು, ಮೂಗು ಸೋರುತ್ತ ನಕ್ಕಳು, ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು, ಬಿದ್ದಿಲ್ಲ, ಬರುತ್ತಿದ್ದಾಳೆ, ಬಳಸಿಕೊಂಡು ಬರುತ್ತಿದ್ದಾಳೆ — ಬೆಂಕಿ ಹತ್ತಿತು, ಬರ್ಚಿನ ತೊಗಟೆ ಚಟಚಟ ಅಂದಿತು — ಮಣ್ಣು ಮಾಡಿ ಬಂದ ಆ ಸಂಜೆ ಆಕಾಶ ಮುಚ್ಚಿದ ಹೊಸತು, ಫೋನಿನಲ್ಲಿ ತಂಗಿ ಹೇಳಿದ್ದು ಇದನ್ನೇ, ಜಪಾನ್ ಜರುಗಿತ್ತು, ನಿಜವಾಗಿಯೂ ಜರುಗಿತ್ತು, ತಾನು ನಂಬಲಿಲ್ಲ, ದೂರ ಅಷ್ಟೇ ಇದೆ ದಾರಿ ಮಾತ್ರ ಉದ್ದವಾಗಿದೆ ಎಂಬುದು ಟಿಕೆಟ್ ಮಾರಿದ ತನಗೆ ಹೊಳೆಯಲಿಲ್ಲ, ಪಾಪದ ಹುಡುಗಿ, ಸುಮ್ಮಸುಮ್ಮನೆ ಬೈಸಿಕೊಂಡಳು.

ಅಂಗಳಕ್ಕೆ ಬಂದಳು, ನಿಲ್ದಾಣಕ್ಕೆ ಇಳಿಯುವ ವಿಮಾನಗಳಿಗೆ ಮನೆಯ ಮೇಲೇ ದಾರಿ, ಒಂದು ಹೋಯಿತು, ಚಕ್ರ ಇಳಿಸಿತ್ತು, ಅದಲ್ಲ, ಅದು ಚಿಕ್ಕದು, ಇನ್ನೊಂದು, ಅದೂ ಚಕ್ರ ಇಳಿಸಿತ್ತು, ಅದೂ ಅಲ್ಲವೇನೋ, ಮೊದಲು ಏನು ಹೇಳುವುದು, ಸತ್ತರೆ ತಿಳಿಸು ಎನ್ನುವುದೇ, ಥೂ, ಸಾಯಲೇಬೇಡ ಎನ್ನಬೇಕು, ನೆಗಡಿಯಾದರೂ ತಿಳಿಸು, ಕಾಲು ಉಳುಕಿದರೂ ತಿಳಿಸು, ಎಲ್ಲ ತಿಳಿಸೇ — ಆಗ ಮರಗಳ ತುದಿ ಸವರಿಕೊಂಡು ದೊಡ್ಡದೊಂದು ಬಂತು, ಕಿವಿ ತುಂಬ ಸದ್ದು, ಬಿಳಿಯ ಹೊಟ್ಟೆ, ಆ ಹೊಟ್ಟೆಯ ಕೆಳಗೆ ಚಾಚಿದ ಚಕ್ರಗಳು, ನೆಲ ಹುಡುಕುತ್ತಿರುವ ಚಕ್ರಗಳು, ಚಕ್ರ ಇಳಿಸಿದೆ, ಅವಳದೇ, ಚಕ್ರ ಇಳಿಸಿದೆ, ಚಕ್ರ —