ಉತ್ತರ ಬರುವ ತನಕ

ಟುಂಯ್ ಟುಂಯ್, ಮುಂದಿನ ಸೀಟಿನ ಸಫಾರಿ ಸೂಟಿನವರ ಜೇಬಿನಲ್ಲಿ ಮೊಬೈಲು ಕೂಗಿತು, ಯಾರದೋ ಮೆಸೇಜು, ಅವರು ಓದದೆ ಜೇಬು ತಟ್ಟಿ ಸುಮ್ಮನಾದರು, ಕಳಿಸಿದವರು ಪಾಪ ಕಾಯುತ್ತಿರುತ್ತಾರೆ, ಉತ್ತರ ಬಾರದಿದ್ದರೆ ಇನ್ನೊಂದು ಕಳಿಸುತ್ತಾರೆ, ಆಮೇಲೆ ಮತ್ತೊಂದು — ಅಯ್ಯೋ ಶಿವನೇ, ನಿಲ್ಲಿಸಲೇ ಇಲ್ಲ, ಶಾಂಭವಿ ಸೀಟಿನಿಂದ ಅರ್ಧ ಎದ್ದಳು, ಆಫೀಸಿನಲ್ಲಿ ಪ್ರೋಗ್ರಾಮು ಇನ್ನೂ ಓಡುತ್ತಿದೆ, ಜೊತೆ ಕೆಲಸದ ಸೂರ್ಯ ಬೀಗದ ಕೈ ಕುಣಿಸುತ್ತಾ ಬಾಗಿಲಲ್ಲಿ ನಿಂತು ಬಾ ಮಗಾ, ನನ್ ಬಸ್ ಹೋಯ್ತದೆ ಅಂದಾಗ ಅವಸರದಲ್ಲಿ ಪರದೆಯನ್ನಷ್ಟೇ ಆರಿಸಿ ಬಂದಿದ್ದಾಳೆ, ಪರದೆ ಕಪ್ಪಾದರೆ ಕಂಪ್ಯೂಟರು ಮಲಗಿತೆಂದು ತಿಳಿಯುವುದು ಯಾರು, ಕೀಬೋರ್ಡಿನ ಮುಂದೆಯೇ ಅನ್ನ ಸಂಪಾದಿಸುವವಳು! ಟಿನ್ ಫ್ಯಾಕ್ಟರಿ ಸ್ಟಾಪಿನ ಆಫೀಸಿಗೆ ವಾಪಸು ಓಡಿದರೂ ಬಾಗಿಲಿಗೆ ಬೀಗ, ಬೀಗದ ಕೈ ಸೂರ್ಯನ ಜೊತೆ ಹೊಸಕೋಟೆಯ ಬಸ್ಸಿನಲ್ಲಿ, ಈ ಬಸ್ಸೋ ಬೆನ್ನಿಗಾನಹಳ್ಳಿಯಲ್ಲಿ ಲಾರಿಗಳ ಹಿಂದೆ ತೆವಳುತ್ತಿದೆ. ಇಂದಿರಾನಗರದ ಮದುವೆ ಬ್ಯೂರೋಗೆ ಮಾಡಿಕೊಟ್ಟ ಪ್ರೋಗ್ರಾಮು ಅದು, ಕಂಪ್ಯೂಟರಿಗೆ ವೈರಿನಿಂದ ಕಟ್ಟಿಹಾಕಿದ ಮೊಬೈಲಿನಿಂದ ಹೆಣ್ಣಿನ ಮನೆಗೆ ತಾನಾಗಿ ಮೆಸೇಜು ಹೋಗಬೇಕು, ನಿಮಗೆ ತಕ್ಕ ವರ ಸಿಕ್ಕಿದ್ದಾರೆ, ಒಪ್ಪಿಗೆಯಾದರೆ ಯೆಸ್ ಎಂದು ಕಳಿಸಿ, ವಿಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು ಚೆನ್ನಾಗಿಯೇ ನಡೆಯುತ್ತಿತ್ತು, ಓಡ್ತಿರೋದನ್ನ ಮುಟ್ಬೇಡಮ್ಮ ಅಂತ ಬಾಸ್ ವೆಂಕಟಸ್ವಾಮಿ ಹೇಳುತ್ತಲೇ ಇರುತ್ತಾರೆ, ಕೈ ಕೇಳಬೇಕಲ್ಲ, ಊಟದ ಡಬ್ಬಿ ಮುಚ್ಚಿದ ಕೂಡಲೇ ಅದೇ ಕೆಲಸವನ್ನು ಇನ್ನೊಂದು ಭಾಷೆಯಲ್ಲಿ ಮಾಡಿ ನೋಡುವ ಚಪಲ. ಸಿ ಅಂದರೆ ಒಂದು ಚುಕ್ಕೆ ತಪ್ಪಿದರೂ ಹೊಸಿಲು ದಾಟಗೊಡದ ಅತ್ತೆ, ವಿಬಿ ಬೇಡವೆಂದರೂ ಎಲೆಗೆ ಸುರಿಯುವ ಅಡುಗೆಯವನು, ಈ ವಾರ ಹಿಡಿದ ಪರ್ಲ್ ಮಾತ್ರ ಏನು ಗೀಚಿದರೂ ಹೂಂ ಅನ್ನುವ ಸೋದರಮಾವ, ಎರಡು ಪುಟದ ಕೆಲಸವನ್ನು ಅಂಗೈಯಗಲಕ್ಕೆ ಇಳಿಸಿಬಿಟ್ಟಿತು, ನೋಡೋ ಸೂರ್ಯ ಎಷ್ಟು ಚಂದ ಅಂತ ಅವಳು ಕುಣಿದದ್ದೇನು, ಈಗ ನೆನಪಾಗುತ್ತಿದೆ, ಕಿತ್ತೆಸೆದ ಸಾಲುಗಳಲ್ಲೇ ಇತ್ತು ಅದು, ಮೂರು ಸಲ ಕಳಿಸು, ಉತ್ತರವಿಲ್ಲದಿದ್ದರೆ ಬಿಟ್ಟುಬಿಡು. ಪರ್ಲ್ ಬಿಡುವುದಿಲ್ಲ. ಉತ್ತರ ಬರುವ ತನಕ ಕಳಿಸುತ್ತದೆ, ಕಳಿಸುತ್ತಿದೆ, ಮಧ್ಯಾಹ್ನದಿಂದ, ದೊಡ್ಡಮುನಿಯಮ್ಮನಿಗೆ.

ಬೇರೆ ಯಾರ ನಂಬರೂ ಸಿಗಲಿಲ್ಲವೇ ನಿನಗೆ, ಟೆಸ್ಟಿಗೆಂದು ಕನ್ಯೆಯ ಜಾಗದಲ್ಲಿ ಮನೆ ಓನರಮ್ಮನ ನಂಬರು ಹಾಕುತ್ತಾರೆಯೇ, ಬಾಯಿಗೆ ಬಂದದ್ದು ಅದೇ, ದೇವದುರ್ಗದಿಂದ ಅವ್ವ ಫೋನು ಮಾಡುವುದೂ ಅದೇ ನಂಬರಿಗೆ, ಒಂದು ಮೆಸೇಜು ಹೋದರೆ ಏನಾದೀತು, ಆಯಮ್ಮನಿಗೆ ಓದು ಬಾರದು ಅಂದುಕೊಂಡಿದ್ದಳು, ಜೊತೆಗೆ ಸೂರ್ಯ ಬಗ್ಗಿ ವರನ ವಿವರವನ್ನೂ ಕುಟ್ಟಿದ, ಎತ್ತರ ಆರಡಿ, ಎಲ್ಲಾ ಸ್ವಂತ ಹಲ್ಲು. ಆಯಮ್ಮನಿಗೆ ಓದು ಬಾರದಿದ್ದರೇನು, ಎದುರಿಗೆ ಟೈಲರ್ ಕರೀಂ ಇಲ್ಲವೇ, ಓದಿದರೆ ಇಡೀ ಜೋಗುಪಾಳ್ಯಕ್ಕೆ ಕೇಳುವ ಹಾಗೆ ಓದುವ ಗಂಟಲು. ಆಯಮ್ಮನಿಗೂ ಭಾಷೆಗಳಿಗೇನು ಬರವೇ, ಸೊಪ್ಪಿನವಳ ಜೊತೆ ತಮಿಳು, ಕರೀಮನ ಜೊತೆ ಉರ್ದು, ದೇವರ ಜೊತೆ ತೆಲುಗು, ಬಾಡಿಗೆಯವರನ್ನು ಬೈಯಲು ಕನ್ನಡ, ಒಂದೊಂದು ಕೆಲಸಕ್ಕೆ ಒಂದೊಂದು, ಅದರಲ್ಲಿ ಎಂದೂ ತಪ್ಪಿಲ್ಲ. ಈಗ ಶಾಂಭವಿ ಇರುವ ಬಾಡಿಗೆ ರೂಮಿನಲ್ಲಿ ಹಿಂದೆ ಇದ್ದ ಬೃಂದಾಗೆ ಯಾವನೋ ಮೆಸೇಜು ಕಳಿಸುತ್ತಾನೆಂದು ಗೊತ್ತಾದ ದಿನ ಬೈಯಲೂ ಇಲ್ಲ, ಹೆಬ್ಬೆರಳನ್ನು ಭುಜದ ಮೇಲಿಂದ ಬೀದಿಯ ಕಡೆ ತೋರಿಸಿದಳಂತೆ, ಅಷ್ಟೇ, ಸಂಜೆಗೆ ಪೆಟ್ಟಿಗೆ ಹೊರಗೆ. ಗಾಳಿ ಬೆಳಕಿನ ರೂಮು, ನಲ್ಲಿಯಲ್ಲಿ ನೀರು, ಅಂಥದ್ದು ಇನ್ನೆಲ್ಲಿ ಸಿಗಬೇಕು, ಎಲ್ಲಿಗೆ ಹೋಗಲಿ ಅವ್ವಾ, ಅದೇನ್ ದಿನಾ ಒಂದೊಂದ್ ಭಾಷಾ ಕಲೀತಿ ಬೇ, ಒಂದರಾಗೆ ಬಾಳೇವು ಮಾಡು ಅಂತೀ ನೀನು, ನಿಜ ಅವ್ವಾ ನಿಜ, ರೀ ಕಂಡಕ್ಟ್ರೇ, ಹಲಸೂರು ಇನ್ನೂ ಎಷ್ಟು ದೂರ, ಬಸ್ಸಿಗೆ ರೆಕ್ಕೆ ಕಟ್ಲಾ ಮೇಡಂ, ಸಿಗ್ನಲ್ ನೋಡಿ — ಆ ಹೆಬ್ಬೆರಳು, ಸೊಪ್ಪು ಸೋಸಿ ಸೋಸಿ ಹಸಿರು ಹತ್ತಿದ ಹೆಬ್ಬೆರಳು, ಬೀದಿಯ ಕಡೆಗೆ.

ಹಲಸೂರಿನಲ್ಲಿ ಇಳಿದು ಓಡಿ ಬಂದರೆ ಬೀದಿಯ ತಿರುವಿನಲ್ಲೇ ಕಂಡಿತು, ಪೆಟ್ಟಿಗೆ ಹೊರಗಿಲ್ಲ, ಜಗಲಿಯ ಮೇಲೆ ದೊಡ್ಡಮುನಿಯಮ್ಮ, ಪಕ್ಕದಲ್ಲಿ ಕೊರಳಿಗೆ ಟೇಪು ಹಾಕಿಕೊಂಡ ಕರೀಂ, ಇಬ್ಬರ ನಡುವೆ ಮೊಬೈಲು, ಬಾ ಬಾ ಕಳ್ಳಿ, ನನ್ ನಂಬರ್ಗೆ ಗಂಡು ಬಂದ್ರೆ ಅದು ನಿಂಗೇ ತಾನೇ, ಆಯಮ್ಮ ನಗುತ್ತಿದ್ದಾಳೆ, ನಗುವುದೆಂದರೇನು, ಮದ್ಯಾನದಿಂದ ಬೇಡ್ಕೊಂತಾವ್ನಲ್ಲೇ ಪಾಪ, ಆ ಬೃಂದಾನ್ ಹುಡ್ಗ ಕದ್ದು ಕಳಿಸ್ತಿದ್ದ, ಇವ್ನು ಬ್ಯೂರೋ ಮೂಲಕ ಮರ್ಯಾದೆಯಾಗಿ ಕೇಳ್ತಾವ್ನೆ, ಆರಡಿ ಅಂತೆ, ಕರೀಂ ಕೈಚಾಚಿ ಎತ್ತರ ತೋರಿಸಿದ, ಔರ್ ಪೂರಾ ಹಲ್ಲು ಸ್ವಂತದ್ದಂತೆ ಮೇಡಂ, ಗ್ಯಾರಂಟಿ ಮಾಲು. ನಿಮ್ಮವ್ವಂಗೂ ಫೋನ್ ಮಾಡ್ದೆ, ಆಯಮ್ಮ ಸೇರಿಸಿದಳು, ಹಲ್ಲು ಗಟ್ಟಿ ಇದ್ರೆ ಆಗ್ಲಿ ಅಂದ್ಲು. ಅವ್ವಾ! ಆಂಟಿ ಅದು ಟೆಸ್ಟು, ನಾನೇ ಕಳಿಸಿದ್ದು, ಎಂದು ಹೇಳಬೇಕು, ಹೇಳುವುದು ಹೇಗೆ, ನಾನೇ ಕಳಿಸಿದ್ದು ಅಂದರೆ ರೂಮು ಹೋಯಿತು, ಆದರೆ ತಡಿ, ಯೆಸ್ ಅಂತ ಒಂದು ಉತ್ತರ ಹೋದರೆ ಸಾಕಲ್ಲ, ಪ್ರೋಗ್ರಾಮು ತಾನೇ ನಿಲ್ಲುತ್ತದೆ, ಯಾರಿಗೂ ಏನೂ ಹೇಳಬೇಕಿಲ್ಲ, ಆಮೇಲೆ ಹುಡುಗನ ಜಾತಕ ಕೂಡಲಿಲ್ಲ ಅಂದರಾಯಿತು, ಒತ್ತಿ ಆಂಟಿ, ಬೇಗ ಒತ್ತಿ! ಕರೀಂ ಬಿದ್ದು ಬಿದ್ದು ನಕ್ಕ, ಅರೆರೆ ಏನ್ ಅರ್ಜೆಂಟಮ್ಮ ಈ ಹುಡ್ಗೀಗೆ, ಹಾಂ ಅಮ್ಮಾ, ವೈ ಆಯ್ತು, ಇ ಆಯ್ತು, ಈಗ ಎಸ್ ಬೇಕು, ಏಳು ನಾಲ್ಕು ಸಲ, ಆಮೇಲೆ ಕಳಿಸೋಕೆ ಮೇಲಿನ ಗುಂಡಿ, ಹೆಬ್ಬೆರಳು ಏಳನ್ನು ಕುಟ್ಟುತ್ತಿದೆ, ಕುಟ್ಟಲಿ, ನಿಲ್ಲಲಿ, ಪರ್ಲ್ ಮಾವ ಮಲಗಲಿ, ಯೆಸ್ ಬಂದರೆ ನಿಲ್ಲು, ನಿಂತು ವರನ ಕಡೆಗೆ ತಿಳಿಸು — ತಿಳಿಸು? ಅದರ ಕೆಳಗೆ ಇನ್ನೊಂದು ಸಾಲಿತ್ತು, ಕನ್ಯೆ ಒಪ್ಪಿದ್ದಾಳೆ, ಇಂದೇ ಈ ನಂಬರಿಗೆ ಮಾತಾಡಿ, ವರನ ನಂಬರಿನ ಜಾಗದಲ್ಲಿ ಏನು ಹಾಕಿದ್ದೆ, ಬಾಯಿಪಾಠ ಇದ್ದದ್ದು ಎರಡೇ ನಂಬರು, ಒಂದು ಈ ಓನರಮ್ಮನದು, ಇನ್ನೊಂದು ವೆಂಕಟಸ್ವಾಮಿ ಸರ್‌ದು, ಅವರ ಫೋನನ್ನು ಮೊದಲು ನೋಡುವುದು ಅವರ ಹೆಂಡತಿ ಸುಜಾತಾ ಮೇಡಂ, ಬೇಡ ಆಂಟಿ, ಬೇಡ, ದೇಖೋ ಕರೀಂ, ಹೆಂಗೆ ನಾಚ್ಕೊಂತಾಳೆ, ಹೆಬ್ಬೆರಳು ಏಳನ್ನು ಬಿಟ್ಟು ಮೇಲೆ ಹೋಯಿತು, ಗುಂಡಿಯ ಮೇಲೆ ನಿಂತಿತು, ಹಸಿರು ಹತ್ತಿದ ಹೆಬ್ಬೆರಳು, ಅದರ ಉಗುರು ಬಿಳುಪೇರುತ್ತಿದೆ, ಒತ್ತುತ್ತಿದೆ, ಹೆಬ್ಬೆರಳು