ಬೀಗ ಹಾಕುವ ಮೊದಲು

ಬೀಗದ ಸದ್ದು, ಅಲ್ಲ, ಮೈಕು ಸರಿಮಾಡುವವನ ಉಂಗುರ ಕಬ್ಬಿಣದ ಕೋಲಿಗೆ ತಾಕಿದ್ದು ಅಷ್ಟೇ, ಆದರೂ ಬೆನ್ನು ಸೆಟೆದುಕೊಂಡಿತು, ನೆಟ್ಟಗೆ ಕೂತ್ಕೋ, ಗೂನು ಬೀಳ್ತೀಯ, ಅಮ್ಮ ಹೇಳಿದ ಹಾಗೇ ಆಯಿತು, ಅಮ್ಮ ಈಗ ವೇದಿಕೆಯ ಅಂಚಿನಲ್ಲಿ ಚೌಕಟ್ಟಿನೊಳಗಿದ್ದಾಳೆ, ಕುಂಟು ಸ್ಟೂಲಿನ ಮೇಲೆ, ಬದುಕಿದ್ದರೆ ಆ ಕಾಲಿನ ಕೆಳಗೆ ಕಾಗದ ಮಡಿಚಿ ಇಟ್ಟಿರುತ್ತಿದ್ದಳು — ಹೋದ ತಿಂಗಳು ತೀರಿಕೊಂಡಳು, ಇವತ್ತು ಅವಳು ಪಾಠ ಹೇಳಿದ ಶಾಲೆಯಲ್ಲೇ ಅವಳ ನೆನಪಿನ ಸಭೆ, ಇನ್ನಿಬ್ಬರು ಮಾತಾಡಿದ ಮೇಲೆ ಮಗಳ ಸರದಿ, ಮಗಳು ಅಂದರೆ ನಾನು, ಹೆತ್ತ ಲೆಕ್ಕದಲ್ಲಿ ಒಬ್ಬಳೇ, ಉಳಿದಂತೆ ಹಾಲ್ ತುಂಬ ಅವಳ ಮಕ್ಕಳೇ, ಒಬ್ಬೊಬ್ಬರೂ ಬಂದು ನನ್ನ ಹೆತ್ತ ತಾಯಿಗಿಂತ ಹೆಚ್ಚು ಅಂದು ಮೂಗು ಒರೆಸಿಕೊಂಡು ಇಳಿಯುತ್ತಿದ್ದಾರೆ, ಜ್ವರ ಬಂದಾಗ ತೊಡೆ ಮೇಲೆ ಮಲಗಿಸಿಕೊಂಡಿದ್ದರಂತೆ, ತಲೆ ಬಾಚುತ್ತಿದ್ದರಂತೆ, ನನ್ನ ತಲೆ ಬಾಚುವಾಗ ಒಂದು ಕಣ್ಣು ಗಡಿಯಾರದ ಮೇಲೆ, ಕೂದಲು ಕಿತ್ತು ಬರುವಂತೆ ಜಡೆ, ನನಗೆ ಜ್ವರ ಬಂದರೆ ಹಣೆಗೊಂದು ಒದ್ದೆ ಬಟ್ಟೆ ಹಾಕಿ ಪಕ್ಕದ ಮನೆಯ ಅಜ್ಜಿಗೆ ಒಪ್ಪಿಸಿ ಹೊರಟುಬಿಡುತ್ತಿದ್ದಳು, ಅಲ್ಲಿ ಮಕ್ಕಳು ಕಾಯ್ತಿರ್ತಾರೆ ಕಣೇ ಅನ್ನುತ್ತ, ಊರಿಗೆ ಉಪಕಾರಿ ಮನೆಗೆ ಮಾರಿ, ಅಜ್ಜಿ ಅವಳ ಬೆನ್ನಿಗೆ ಕೇಳುವಂತೆಯೇ ಅನ್ನುತ್ತಿದ್ದಳು, ನನಗೆ ಖುಷಿಯಾಗುತ್ತಿತ್ತು, ಹೊಟ್ಟೆಕಿಚ್ಚು, ಹೌದು, ಈಗಲೂ ಹೊಟ್ಟೆಕಿಚ್ಚೇ, ಇವತ್ತು ಹೇಳಿಯೇಬಿಡುತ್ತೇನೆ, ನಿಮ್ಮೆಲ್ಲರ ತಾಯಿ ಒಂದು ಸಂಜೆ ತನ್ನ ಮಗಳನ್ನು ತರಗತಿಯೊಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗಿದ್ದಳು ಅಂತ, ಒಂದೇ ವಾಕ್ಯ ಸಾಕು, ಆಮೇಲೆ ಇವರ ಮುಖಗಳನ್ನು ನೋಡಬೇಕು.

ಇದೇ ಶಾಲೆ, ಹಾಲಿನ ಆಚೆ ಬದಿಯ ಕೋಣೆ, ಗೇಟಿನ ಹೊರಗೆ ಅಮ್ಮ, ಒಳಗೆ ಟೀಚರ್, ಇದು ಅವಳ ಕಾನೂನು, ಒಮ್ಮೆ ತಪ್ಪಿ ತರಗತಿಯಲ್ಲಿ ಅಮ್ಮಾ ಅಂದಾಗ ಅವಳು ಬೋರ್ಡಿನಿಂದ ತಿರುಗಲೇ ಇಲ್ಲ, ಎಲ್ಲರೂ ಕಿಸಕ್ಕನೆ ನಕ್ಕರು, ಆಮೇಲೆ ನಾನೂ ಕಲಿತೆ — ಸಂಜೆ ಗಂಟೆ ಹೊಡೆದ ಮೇಲೆ ಮಕ್ಕಳು ಗೇಟಿನ ಹತ್ತಿರ ಸಾಲಾಗಿ ನಿಲ್ಲಬೇಕು, ಯಾರದೋ ಅಪ್ಪ, ಯಾರದೋ ಅಕ್ಕ, ಬಂದವರ ಕೈಗೆ ಮಗುವಿನ ಕೈ ಇಟ್ಟೇ ಬಿಡುವಳು, ಕೊನೆಯ ಮಗು ಹೋಗುವವರೆಗೂ ನಿಲ್ಲುವಳು, ಆ ಸಾಲಿನಲ್ಲಿ ನಾನಿಲ್ಲ, ನನ್ನನ್ನು ಕರೆದೊಯ್ಯಲು ಯಾರು ಬರಬೇಕು, ಅಪ್ಪ ನಾನು ನಡೆಯಲು ಕಲಿಯುವ ಮೊದಲೇ ಹೋಗಿದ್ದ, ಹಾಗಾಗಿ ಹಿಂದಿನ ಬೆಂಚಿನಲ್ಲಿ ಕೂತು ಕಾಯುವುದು, ಆವತ್ತು ಕಾಯುತ್ತ ಕಾಯುತ್ತ ನಿದ್ದೆ ಹತ್ತಿತು, ಎಚ್ಚರವಾದದ್ದು ಬೀಗ ತಿರುಗಿದ ಸದ್ದಿಗೆ, ಆಮೇಲೆ ಚಪ್ಪಲಿಯ ಸದ್ದು ದೂರ ದೂರ, ನಾನು ಕೂಗಿದೆ, ಟೀಚರ್, ಟೀಚರ್, ಗಂಟಲು ಹರಿಯುವವರೆಗೆ ಟೀಚರ್ ಎಂದೇ ಕೂಗಿದೆ, ಒಳಗಿದ್ದೆನಲ್ಲ, ಕಾನೂನು. ಬೋರ್ಡಿನ ಮೇಲಿನ ಅಕ್ಷರ ಕಾಣದಷ್ಟು ಕತ್ತಲಾದಾಗ ಬಾಗಿಲ ಪಕ್ಕದ ಕಿಟಕಿಯ ಸರಳುಗಳ ನಡುವೆ ಒಂದು ಕೈ ಬಂತು, ಉಗುರಿನೊಳಗೆ ಸೀಮೆಸುಣ್ಣ, ನನ್ನ ಮಣಿಕಟ್ಟು ಹಿಡಿಯಿತು, ನೋಯುವಷ್ಟು, ಆಮೇಲೆ ಬಾಗಿಲು ತೆರೆಯಿತು, ಮರುದಿನ ಮತ್ತೆ ಅದೇ ಜಡೆ, ಅದೇ ಗಡಿಯಾರ, ತಪ್ಪಾಯ್ತು ಪುಟ್ಟಿ ಅನ್ನಲಿಲ್ಲ, ಸಾಯುವವರೆಗೂ ಅನ್ನಲಿಲ್ಲ.

ಜನ ನಗುತ್ತಿದ್ದಾರೆ, ಏನು, ಹಳೆಯ ಜವಾನ ಮಾತಾಡುತ್ತಿದ್ದಾನೆ, ಗಂಟೆ ಹೊಡೆಯುತ್ತಿದ್ದವನು, ನಮ್ಮ ಟೀಚರಿಗೆ ಬೀಗದ ಹುಚ್ಚು ರೀ, ಹಾಕೋರು, ಮತ್ತೆ ತೆಗೆಯೋರು, ಒಳಗೆ ಹೋಗಿ ಹಿಂದಿನ ಬೆಂಚಿನ ಕೆಳಗೆ ಬಗ್ಗಿ ನೋಡೋರು, ರಜೆ ದಿನಾನೂ ಅಷ್ಟೇ, ಯಾರಿದ್ದಾರೆ ಟೀಚರ್ ಅಂದ್ರೆ, ಇದ್ದುಬಿಟ್ರೆ, ಅನ್ನೋರು, ಅವರ ಮಂಡಿ ಹೋದ ಮೇಲೂ, ಬಿಡಿ ಟೀಚರ್ ನಾನೇ ನೋಡ್ತೀನಿ ಅಂದ್ರೆ ಕೇಳ್ತಿರಲಿಲ್ಲ, ನಿವೃತ್ತಿ ದಿನ ಗೇಟ್ ತನಕ ಹೋಗಿ ವಾಪಸ್ ಬಂದ್ರು ನೋಡಿ — ಹಾಲಿಗೆ ಹಾಲೇ ನಗುತ್ತದೆ, ನನಗೆ ನಗು ಬರುತ್ತಿಲ್ಲ, ಮನೆಯಲ್ಲೂ ಹಾಗೇ ಮಾಡುತ್ತಿದ್ದಳು, ನಾನು ಪಕ್ಕದಲ್ಲೇ ನಿಂತಿದ್ದರೂ ಬೀಗ ತೆಗೆದು ಕೋಣೆ ಕೋಣೆ ನೋಡಿ ಬರುವಳು, ಅರಳುಮರಳು ಶುರುವಾಯ್ತಾ ನಿಂಗೆ ಅಂತ ರೇಗುತ್ತಿದ್ದೆ, ಅವಳು ಸುಮ್ಮನೆ ನನ್ನ ಮಣಿಕಟ್ಟು ಮುಟ್ಟಿ, ನಡಿ, ಅನ್ನುತ್ತಿದ್ದಳು, ಮಣಿಕಟ್ಟು, ಅಯ್ಯೋ, ಹಿಂದಿನ ಬೆಂಚು, ಇವರಿಗೆ ಯಾರಿಗೂ ಗೊತ್ತಿಲ್ಲ, ಈಗ ನರ್ಸ್ ಎದ್ದಿದ್ದಾಳೆ, ನನ್ನ ಜೊತೆ ಓದಿದವಳು, ಆಸ್ಪತ್ರೆಯ ಬಿಳಿ ಉಡುಪಿನಲ್ಲೇ ಬಂದಿದ್ದಾಳೆ, ಇವಳ ನಂತರ ನಾನು, ಒಂದು ಸಂಜೆ ನಮ್ಮಪ್ಪ ಬರಲೇ ಇಲ್ಲ ಅನ್ನುತ್ತಿದ್ದಾಳೆ, ನಾನು ಅತ್ತೂ ಅತ್ತೂ ವಾಂತಿ ಮಾಡಿಕೊಂಡೆ, ಟೀಚರ್ ಗಾಬರಿಯಲ್ಲಿ ಬೀಗ ಹಾಕಿ ನನ್ನನ್ನು ಎತ್ತಿಕೊಂಡೇ ನಮ್ಮ ಮನೆಗೆ ನಡೆದರು, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಮಲಗಿಸಿದರು, ನಮ್ಮಮ್ಮ ಕೇಳಿದಳು, ನಿಮ್ಮ ಮಗಳೆಲ್ಲಿ ಟೀಚರ್ — ಅಷ್ಟೇ, ಅವರ ಮುಖ ಸುಣ್ಣವಾಯಿತು, ಬರಿಗಾಲಲ್ಲೇ ಓಡಿಬಿಟ್ಟರು, ಜಲ್ಲಿ ಹಾಕಿದ್ದ ರಸ್ತೆ, ಚಪ್ಪಲಿ ನಮ್ಮಲ್ಲೇ ಉಳಿಯಿತು, ಯಾಕೆ ಓಡಿದರೋ ಇವತ್ತಿಗೂ ನನಗೆ ಗೊತ್ತಿಲ್ಲ, ಅನ್ನುತ್ತಾಳೆ ನರ್ಸ್, ಗೊತ್ತಿಲ್ಲವಂತೆ, ಮರುದಿನ ಅಮ್ಮನ ಎರಡೂ ಹಿಮ್ಮಡಿಗೆ ಬಟ್ಟೆ ಕಟ್ಟಿತ್ತು, ಏನಾಯ್ತು ಅಂದರೆ ಏನಿಲ್ಲ ಅಂದಿದ್ದಳು, ನಾನು ಮತ್ತೆ ಕೇಳಲಿಲ್ಲ, ಕೋಪದಲ್ಲಿದ್ದೆ.

ಈಗ ಟೀಚರ ಮಗಳು ಮಾತಾಡ್ತಾರೆ, ಹೆಡ್‌ಮಾಸ್ಟರು ಕರೆಯುತ್ತಾರೆ, ಎದ್ದೆ, ಆ ಒಂದೇ ವಾಕ್ಯ ಗಂಟಲಿನಲ್ಲಿದೆ, ಬೀಗ ಹಾಕಿಕೊಂಡು ಹೋಗಿದ್ದಳು, ಹೌದು, ಹೋಗಿದ್ದಳು, ಆಮೇಲಿನದು ಇದೆಯಲ್ಲ, ಅದನ್ನು ಯಾವ ವಾಕ್ಯದಲ್ಲಿ ಹೇಳುವುದು, ಮೈಕಿನ ತಣ್ಣನೆಯ ಕೋಲು, ಎದುರಿಗೆ ಅವಳ ಮಕ್ಕಳು, ಪಕ್ಕದಲ್ಲಿ ಕುಂಟು ಸ್ಟೂಲು, ಗೇಟಿನ ಒಳಗಿದ್ದೇನೆ, ಒಳಗೆ ಟೀಚರ್, ಬಾಯಿ ತೆರೆದರೆ ಬಂದದ್ದು ಅಮ್ಮಾ, ಮೈಕು ಅದನ್ನು ಹಾಲಿನ ಮೂಲೆ ಮೂಲೆಗೂ ಒಯ್ದಿತು, ಎಲ್ಲರೂ ಕಾಯುತ್ತಿದ್ದಾರೆ, ಸರಳುಗಳ ನಡುವೆ ಒಂದು ಕೈ, ಉಗುರಿನೊಳಗೆ ಸೀಮೆಸುಣ್ಣ, ಇನ್ನೊಂದು ಕೈಯ ಕೀಲಿ ಬೀಗದ ಸುತ್ತ ತಡಕಾಡುತ್ತಿದೆ, ಕಿಂಡಿ ಸಿಗುತ್ತಿಲ್ಲ, ಮಣಿಕಟ್ಟು ಬಿಟ್ಟರೆ ಸಿಗುತ್ತದೆ, ಬಿಡುತ್ತಿಲ್ಲ —