ಲಾಲ್ಯಾ ಮುಟ್ಟದ ರೊಟ್ಟಿ

ನಮ್ಮ ಮನೆಗೆ ನಾಯಿ ಬೇಕೆಂದು ಯಾರೂ ಕೇಳಿರಲಿಲ್ಲ. ಹುಮನಾಬಾದಿನ ಬಜಾರದಲ್ಲಿ ಮುಂದೆ ನಮ್ಮ ಕಿರಾಣಿ ಅಂಗಡಿ, ಹಿಂದೆ ಮನೆ. ಇಲಿಗೆ ಒಂದು ಬೆಕ್ಕಿದ್ದರೆ ಸಾಕು ಎನ್ನುವವಳು ನಾನು. ಆದರೆ ಒಂದು ಮಧ್ಯಾಹ್ನ ಸೊಸೆಯ ಚಿಕ್ಕಪ್ಪನ ಮಗ ದತ್ತಾತ್ರಿ ಅವಳ ತವರೂರು ಮೋರಖಂಡಿಯಿಂದ ಟೆಂಪೊದಲ್ಲಿ ಬಂದಿಳಿದ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕೆಂಪು ಬಣ್ಣದ ಎತ್ತರದ ನಾಯಿ.

“ಇದರ ಹೆಸರು ಲಾಲ್ಯಾ. ಸಾಕ್ಷಿ ಮನಿಗೆ ಒಯ್ದು ಬಿಟ್ಟು ಬಾ ಅಂದ್ರು ದೊಡ್ಡಪ್ಪ. ಅಷ್ಟ,” ಎಂದು ಕಟ್ಟೆಯ ಕಂಬಕ್ಕೆ ಕಟ್ಟಿದ.

ಸೊಸೆ ಸಾಕ್ಷಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾಯಿಯ ಕಡೆ ನೋಡಲೇ ಇಲ್ಲ.

“ಅಪ್ಪ ನನ್ನ ಹೆಸರು ತಗೊಂಡ್ನಾ?”

“ಹೂಂ. ಸಾಕ್ಷಿ ಅಂತನ ಅಂದ್ರು.”

ಅವಳು ಅಲ್ಲೇ ಕಟ್ಟೆಯ ಮೇಲೆ ಕುಳಿತಳು. ಮದುವೆಯಾದಾಗಿನಿಂದ ಅವಳ ಅಪ್ಪ ಪಂಡರಿ ಅವಳ ಹೆಸರನ್ನು ಬಾಯಿಗೆ ತಂದಿರಲಿಲ್ಲ. ಅವರದು ಕುರಿ ಕಾಯುವ ಮನೆತನ, ನಮ್ಮದು ಲಿಂಗ ಕಟ್ಟಿದ ಮನೆತನ. ನನ್ನ ಮಗ ಶಂಕರಲಿಂಗನೂ ಇವಳೂ ಬಸವಕಲ್ಯಾಣದ ಕಾಲೇಜಿನಲ್ಲಿ ಓದುವಾಗಲೇ ಮನಸ್ಸು ಮಾಡಿಕೊಂಡು, ಯಾರಿಗೂ ಹೇಳದೆ ಹಾರ ಹಾಕಿಕೊಂಡು ಬಂದರು. ಕಲ್ಯಾಣದ ಶರಣರು ಕುಲ ನೋಡಲಿಲ್ಲ ಎಂದು ಪ್ರವಚನದಲ್ಲಿ ನಾನು ಎಷ್ಟು ಸಲ ತಲೆದೂಗಿದ್ದೆನೋ! ಅದೇ ಕಲ್ಯಾಣದಿಂದ ಸೊಸೆ ಬಂದು ಹೊಸ್ತಿಲಲ್ಲಿ ನಿಂತಾಗ ಕುತ್ತಿಗೆ ಬಿಗಿದುಕೊಂಡಿತು. ಹೇಗೋ ಒಳಗೆ ಕರೆದುಕೊಂಡೆ. ಪಂಡರಿ ಮಾತ್ರ, ಆ ಮನೆಯ ನೀರನ್ನೂ ಮುಟ್ಟುವುದಿಲ್ಲ ಎಂದು ನಾಲ್ಕು ಮಂದಿಯ ಮುಂದೆ ಆಣೆ ಮಾಡಿದ. ತಾಯಿ ಮಾಣಿಕಮ್ಮ ಆಗೊಮ್ಮೆ ಈಗೊಮ್ಮೆ ಕದ್ದು ಫೋನು ಮಾಡುತ್ತಾಳೆ. ಅಪ್ಪ ಹೇಗಿದ್ದಾನೆ ಎಂದು ಇವಳು ಕೇಳಿದರೆ ಆ ಕಡೆಯಿಂದ ಬರೀ ಮೂಗು ಸೀಟುವ ಸದ್ದು.

ಈಗ ಮೊಣಕಾಲು ನೋವಿಗೆ ಸೋತು ಪಂಡರಿ ಕುರಿಗಳನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿದ್ದನಂತೆ. ನಾಯಿಯನ್ನು ಮಾತ್ರ ಒಪ್ಪಿಸಲಿಲ್ಲ. ಮಗಳಿಗೆ ಕಳಿಸಿದ. ಇಷ್ಟು ದಿನಕ್ಕೆ ಅಪ್ಪನಿಂದ ಬಂದದ್ದು ಇದೊಂದೇ.

ಆದರೆ ಆ ನಾಯಿ ನಮ್ಮ ಮನೆಯ ಅನ್ನ ಮುಟ್ಟಲಿಲ್ಲ.

ನಮ್ಮಲ್ಲಿ ಎಂಜಲು ಎಂಬುದೇ ಇರುವುದಿಲ್ಲ. ಲಿಂಗಕ್ಕೆ ತೋರಿಸಿ ಉಂಡ ಮೇಲೆ ತಾಟಿಗೆ ನೀರು ಹಾಕಿ, ತೊಳೆದು, ಅದನ್ನೂ ಕುಡಿಯುತ್ತೇವೆ. ಹಾಗಾಗಿ ಸಾಕ್ಷಿ ನಾಯಿಗೆಂದೇ ಬಿಸಿ ರೊಟ್ಟಿ ಬಡಿದಳು. ಹಾಲಿನಲ್ಲಿ ಮುರಿದು ಹಾಕಿದಳು. ಲಾಲ್ಯಾ ಮೂಸಿ ನೋಡಿ, ಮುಖ ತಿರುಗಿಸಿ ಮಲಗಿತು. ಅನ್ನ ಮಜ್ಜಿಗೆ ಆಯಿತು, ತುಪ್ಪ ಹಾಕಿದ ಹುಗ್ಗಿ ಆಯಿತು. ನನ್ನ ಗಂಡನಿಗೂ ದೊರೆಯದ ಉಪಚಾರ! ಅದು ನೀರು ಕುಡಿಯಿತೇ ಹೊರತು ಬೇರೇನನ್ನೂ ಮುಟ್ಟಲಿಲ್ಲ.

“ಕುರಿ ಹಿಂದಿನ ನಾಯಿ ಅದು. ಹುಲಿ ಹಸದ್ರ ಹುಲ್ಲು ತಿಂತದೇನು?” ಎಂದು ನನ್ನ ಗಂಡ ಅಂಗಡಿಯಿಂದಲೇ ಕೂಗಿದರು.

ಶಂಕರಲಿಂಗ ನಾಯಿಗಳಿಗೆಂದೇ ಮಾರುವ ಪೊಟ್ಟಣ ತಂದ. ಅದರ ಮೇಲೆ ನಗುವ ನಾಯಿಯ ಚಿತ್ರವಿತ್ತು. ನಮ್ಮ ನಾಯಿ ನಗಲಿಲ್ಲ. ಪಶು ಆಸ್ಪತ್ರೆಯ ಡಾಕ್ಟರು ಬಂದು ಹೊಟ್ಟೆ ಒತ್ತಿ, ನಾಲಿಗೆ ನೋಡಿ, ರೋಗವೇನೂ ಇಲ್ಲ, ಊರಿನ ನೆನಪಿರಬೇಕು ಎಂದರು. ಸಾಕ್ಷಿ ಮುಖ ಆ ಕಡೆ ಮಾಡಿದಳು.

ಕೊನೆಗೆ ನಾನೇ ಬಾಯಿ ಬಿಟ್ಟೆ. “ಹಿತ್ತಲದಾಗ ಬ್ಯಾರೆ ಒಲಿ ಹೂಡು. ಬ್ಯಾರೆ ಬೋಗುಣಿ ತಗೋ. ನಾ ನೋಡಿಲ್ಲ, ನನಗ ಗೊತ್ತೂ ಇಲ್ಲ.”

ಅವಳು ಮಟನ್ ಬೇಯಿಸಿದಳು. ನಾನು ಸೆರಗು ಮೂಗಿಗೆ ಹಿಡಿದು ಕಿಟಕಿಯಿಂದ ನೋಡುತ್ತಿದ್ದೆ. ನೋಡಿಲ್ಲ ಎಂದಿದ್ದೆ, ನಿಜ, ಆದರೆ ಕಣ್ಣು ಕೇಳಬೇಕಲ್ಲ. ಬೋಗುಣಿಯ ಮುಚ್ಚಳ ತೆಗೆದಾಗ ಹಬೆಗೆ ಮುಖ ಕೊಟ್ಟು ಅವಳು ಬಹಳ ಹೊತ್ತು ಹಾಗೇ ಕುಳಿತಳು. ನಮ್ಮ ಮನೆಗೆ ಬಂದಮೇಲೆ ಅವಳು ಅದನ್ನೆಲ್ಲ ಬಿಟ್ಟಿದ್ದಳು. ಬಿಡು ಎಂದು ನಾನು ಹೇಳಿರಲಿಲ್ಲ, ತಿನ್ನು ಎಂದೂ ಹೇಳಿರಲಿಲ್ಲ. ಆ ದಿನ ಅವಳನ್ನು ನೋಡಿ ಮೂಗಿನ ಸೆರಗು ಇಳಿಸಿದೆ. ಅವಳು ಒಂದು ಚೂರನ್ನೂ ಬಾಯಿಗಿಡದೆ ಎಲ್ಲವನ್ನೂ ನಾಯಿಯ ಮುಂದೆ ಸುರಿದಳು. ಲಾಲ್ಯಾನ ಬಾಯಿಂದ ಜೊಲ್ಲು ಇಳಿಯಿತು, ಮೈ ನಡುಗಿತು, ಆದರೂ ಅದು ಮುಟ್ಟಲಿಲ್ಲ. ಅವಳ ಮುಖ ನೋಡುತ್ತಾ ಕುಂಯ್ ಎಂದಿತು.

ಮರುದಿನ ಅದಕ್ಕೆ ಎದ್ದು ನಿಲ್ಲಲಾಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸೊಸೆಯ ಫೋನು ತೆಗೆದುಕೊಂಡು ಪಂಡರಿಗೇ ಹಚ್ಚಿದೆ.

“ಹುಮನಾಬಾದದಿಂದ ಸೂಗಮ್ಮ ಮಾತಾಡಾಕತ್ತೇನಿ. ನಿಮ್ಮ ನಾಯಿ ನಮ್ಮ ಕಟ್ಟಿ ಮ್ಯಾಲೆ ಸಾಯಾಕತ್ತದ. ಬಂದು ಒಯ್ರಿ.”

ಆ ಕಡೆ ಫೋನು ಕಟ್ಟಾಯಿತು.

“ಒಯ್ರಿ ಅಂತ ಯಾಕ ಅಂದ್ರಿ, ಅತ್ತಿ?” ಸಾಕ್ಷಿ ಅಳುತ್ತಿದ್ದಳು. “ಅಪ್ಪ ಕೊಟ್ಟಿದ್ದು ಅದೊಂದ. ಅದನ್ನೂ ತಿರುಗಿ ಒಯ್ದ್ರ ನನಗ ಏನು ಉಳೀತದ?”

“ಸತ್ರ ಏನು ಉಳೀತದ?” ಎಂದೆ.

ಮಾರನೆಯ ಬೆಳಿಗ್ಗೆ ಕಲ್ಯಾಣದಲ್ಲಿ ಬಸ್ಸು ಬದಲಿಸಿ ಪಂಡರಿ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಟ್ಟೆಯ ಗಂಟು. ಒಳಗೆ ಬನ್ನಿ ಎಂದೆ, ಬರಲಿಲ್ಲ. ನೀರಿನ ತಂಬಿಗೆ ಇಟ್ಟೆ, ಮುಟ್ಟಲಿಲ್ಲ. ಹೊಸ್ತಿಲಲ್ಲಿ ನಿಂತ ಮಗಳ ಕಡೆ ಕಣ್ಣೆತ್ತಲೂ ಇಲ್ಲ. ಕಾಲು ಚಾಚಿ ಕಟ್ಟೆಯ ಮೇಲೆ ಕುಳಿತು, ತೊಡೆಯ ಮೇಲೆ ತಲೆಯಿಟ್ಟ ನಾಯಿಯ ಬೆನ್ನು ಸವರಿದ. ಪಕ್ಕದಲ್ಲಿ ರೊಟ್ಟಿ ಹಾಲು ಹಾಗೇ ಇತ್ತು.

“ಯಾರರೆ ಕಡದು ಹಾಕೀರೇನ್ರಿ?” ಎಂದು ನನ್ನನ್ನು ಕೇಳಿದ.

“ಎಂಜಲಾ ಹಾಕೂದೇನು? ನಮ್ಮ ಮನ್ಯಾಗ ಎಂಜಲಾ ಇರೂದಿಲ್ಲ.”

ಅವನು ಹಣೆ ಚಚ್ಚಿಕೊಂಡ. “ಕುರಿ ಕಳ್ಳರು ರೊಟ್ಟಿಗಿ ಔಷಧ ಹಚ್ಚಿ ನಾಯಿಗಿ ಒಗೀತಾರ್ರಿ. ಅದಕ ಮರಿ ಇದ್ದಾಗಲೇ ಕಲಿಸಿರ್ತೀವಿ. ಸಾಕಿದಾಂವ ಮೊದಲ ಕಡದು ನುಂಗಬೇಕು. ನುಂಗಿದ್ದು ಕಂಡ್ರನ ಅದಕ ಭರೋಸಾ. ಕುರಿ ಹಿಂದ ತಿರಗೋ ನಮಗಷ್ಟ ಗೊತ್ತು, ಮನ್ಯಾಗಿನ ಹೆಣ್ಮಕ್ಕಳಿಗಿ ಗೊತ್ತಿಲ್ಲ.”

“ಮತ್ತ ಹೇಳಿ ಕಳಸಾಕ ಏನಾಗಿತ್ತು?”

“ಹ್ಯಾಂಗ ಹೇಳಲ್ರಿ? ಮಾತ ಬಿಟ್ಟಿದ್ದೆ.”

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಅಪ್ಪ ಮಗಳ ಜಗಳದಲ್ಲಿ ನಾಯಿ ಬಡವಾಗಿತ್ತು.

ಪಂಡರಿ ಗಂಟು ಬಿಚ್ಚಿದ. ಮಾಣಿಕಮ್ಮ ದಾರಿಗೆ ಕಟ್ಟಿಕೊಟ್ಟದ್ದರಲ್ಲಿ ಒಂದೇ ರೊಟ್ಟಿ ಉಳಿದಿತ್ತು. ದಪ್ಪ ಜೋಳದ ರೊಟ್ಟಿ, ಅದಕ್ಕೆ ಅಂಟಿದ ಶೇಂಗಾ ಹಿಂಡಿ, ಖಾರದ ಚಟ್ನಿಪುಡಿ. ಅಂಚು ಕಡಿದು, ಅಗಿದು, ನುಂಗಿದ. ಚೂರು ಮುರಿದು ಕೊಟ್ಟ. ಲಾಲ್ಯಾ ಮಲಗಿದಲ್ಲೇ ಗಬಕ್ಕನೆ ನುಂಗಿತು. ಸಾಕ್ಷಿಯ ಬಾಯಿಂದ ಒಂದು ಸದ್ದು ಹೊರಟಿತು, ನಗುವೋ ಅಳುವೋ ತಿಳಿಯಲಿಲ್ಲ.

ಪಂಡರಿ ಉಳಿದ ರೊಟ್ಟಿಯನ್ನು ಮಗಳ ಕಡೆ ಚಾಚಿದ. ಕಣ್ಣು ಇನ್ನೂ ನಾಯಿಯ ಮೇಲೆಯೇ. “ಇನ್ನ ನೀ ಕಡದು ಕೊಡು. ನಿನ್ನ ಕೈಲಿ ತಿನ್ನೂದು ಕಲೀಲಿ.”

ನಾಯಿಯನ್ನು ಅವನು ಒಯ್ಯುವುದಿಲ್ಲ ಎಂದು ನನಗೆ ಆಗ ತಿಳಿಯಿತು. ಸಾಕ್ಷಿ ಎರಡೂ ಕೈಯೊಡ್ಡಿ ರೊಟ್ಟಿ ತೆಗೆದುಕೊಂಡಳು. ಕಡಿದಳು. ತವರಿನ ಹಿಂಡಿ ನಾಲಿಗೆಗೆ ತಾಗಿದ್ದೇ ತಡ, ಕಣ್ಣಲ್ಲಿ ನೀರು ದಳದಳ ಇಳಿಯಿತು. ನುಂಗಿದಳು. ನಾಯಿ ಬಾಯಿ ತೆರೆದು ಕಾದಿತ್ತು. ಅವಳು ಕೊಡಲಿಲ್ಲ. ಇನ್ನೊಮ್ಮೆ ಕಡಿದಳು, ಮತ್ತೊಮ್ಮೆ ಕಡಿದಳು. ಎಷ್ಟು ದಿನದ ಹಸಿವೋ, ನಿಂತಲ್ಲೇ ಅಷ್ಟೂ ರೊಟ್ಟಿ ತಿಂದಳು.

“ಅಯ್ಯ, ನಾಯಿಗಿ ಏನೂ ಉಳಸಲಿಲ್ಲ,” ಎಂದು ಕೊನೆಯ ಚೂರು ಬಾಯಲ್ಲಿರುವಾಗ ನಾಚಿ ಸೆರಗು ಕಚ್ಚಿದಳು.

ಪಂಡರಿ ಆಗ ತಲೆಯೆತ್ತಿ ಅವಳನ್ನು ನೋಡಿದ. ನೋಡುತ್ತಲೇ ಇದ್ದ. “ಇರಲಿ, ನೀ ತಿನ್ನವಾ,” ಎಂದ.

ನಾಯಿ ಕುಂಯ್‌ಗುಟ್ಟುತ್ತಿತ್ತು. ನಾನು ಒಳಗೆ ಹೋಗಿ ಬುಟ್ಟಿಯಿಂದ ಒಂದು ರೊಟ್ಟಿ ತಂದು ಅವನ ಮುಂದೆ ಹಿಡಿದೆ. ಈಗ ಅವನು ಕಡಿಯಲೇಬೇಕು. ನಮ್ಮ ಮನೆಯ ರೊಟ್ಟಿ ಅವನ ಗಂಟಲಿಗೆ ಇಳಿಯದೆ ನಾಯಿಯ ಹೊಟ್ಟೆಗೆ ಇಳಿಯುವುದಿಲ್ಲ. ಅವನ ಕೈ ಅರ್ಧಕ್ಕೆ ನಿಂತಿತು.

“ಯಾರು ಬಡದಿದ್ದು?”

“ನಿಮ್ಮ ಮಗಳು, ಬೀಗರ.”

ಬೀಗರು ಎಂದು ನಾನು ಅವನನ್ನು ಕರೆದದ್ದು ಅದೇ ಮೊದಲು. ಅವನು ರೊಟ್ಟಿ ತೆಗೆದುಕೊಂಡ, ಅಂಚು ಕಡಿದ, ನಿಧಾನಕ್ಕೆ ಅಗಿದು ನುಂಗಿದ. ಲಾಲ್ಯಾ ಕತ್ತು ಚಾಚಿತು. ಅವನು ಕೊಡಲಿಲ್ಲ, ಇನ್ನೊಮ್ಮೆ ಕಡಿದ. ಸಾಕ್ಷಿ ಬಾಯೊಳಗಿನ ಚೂರು ಮರೆತು, ಅಪ್ಪ ನುಂಗುವುದನ್ನೇ ನೋಡುತ್ತ ನಿಂತಳು. ನಾಯಿಗೆ ಇನ್ನೊಂದು ರೊಟ್ಟಿ ತರಲು ನಾನು ಒಳಗೆ ಹೋದೆ.